ಸಣ್ಣ ಖುಷಿಗಳು ಈಗ ಯಾಕೆ ತಟ್ಟುತ್ತಿಲ್ಲ?

ಪ್ರಶ್ನೆ: ನನಗೆ 44 ವರ್ಷ. ದಾವಣಗೆರೆಯವಳು. ಹರಿಹರದ ಹತ್ತಿರ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ದಿನಾ ಬಸ್ಸಿನಲ್ಲಿ ಓಡಾಟ. ಮೊದಲು ನಾನು ಸಣ್ಣಪುಟ್ಟದ್ದಕ್ಕೆಲ್ಲ ನಗುತ್ತಿದ್ದೆ. ಕಂಡಕ್ಟರ್ ಯಾರನ್ನಾದರೂ ಕಿಚಾಯಿಸಿದರೆ, ಲಾರಿ ಹಿಂದೆ ಬರೆದ ಸಾಲು ಕಂಡರೆ, ಮಕ್ಕಳು ಉತ್ತರ ಪತ್ರಿಕೆಯಲ್ಲಿ ಎಡವಟ್ಟು ಬರೆದರೆ ಸಾಕು. ಸ್ಟಾಫ್ ರೂಮಿನಲ್ಲಿ ಅದನ್ನೇ ಹೇಳಿ ಎಲ್ಲರನ್ನೂ ನಗಿಸುತ್ತಿದ್ದೆ. ಸುಮಾರು ಒಂದು ವರ್ಷದಿಂದ ಯಾವುದೂ ತಟ್ಟುತ್ತಿಲ್ಲ. ಹೋದ ತಿಂಗಳು "ದ್ಯುತಿಸಂಶ್ಲೇಷಣೆ ನಿಂತರೆ ಏನಾಗುತ್ತದೆ?" ಎಂಬ ಪ್ರಶ್ನೆಗೆ ಒಬ್ಬ ಹುಡುಗ "ಗಿಡಕ್ಕೆ ರಜೆ ಸಿಗುತ್ತದೆ" ಅಂತ ಬರೆದಿದ್ದ. ಸೊನ್ನೆ ಹಾಕಿ ಮುಂದಿನ ಪೇಪರ್ ಎತ್ತಿಕೊಂಡೆ. ರಾತ್ರಿ ನೆನಪಾಗಿ ಹೆದರಿಕೆಯಾಯಿತು. ನನಗೆ ನಗು ಬರಲೇ ಇಲ್ಲವಲ್ಲ!

ಅತ್ತೆಗೆ ಲಕ್ವ ಹೊಡೆದು ಒಂದೂವರೆ ವರ್ಷ. ರಾತ್ರಿ ಎರಡು ಮೂರು ಸಲ ಎದ್ದು ನೋಡಬೇಕು. ಮಗಳು ಸೆಕೆಂಡ್ ಪಿಯುಸಿ. ನಾಲ್ಕು ವರ್ಷದಿಂದ ಥೈರಾಯ್ಡ್ ಮಾತ್ರೆ ಇದೆ, ಬೆಳಿಗ್ಗೆ ಕಾಫಿ ಜೊತೆ ನುಂಗಿ ಓಡುತ್ತೇನೆ. ಸಹೋದ್ಯೋಗಿಯೊಬ್ಬರು ಹೇಳಿದರು ಅಂತ ದಿನಾ ಮಲಗುವ ಮುಂಚೆ ಖುಷಿ ಕೊಟ್ಟ ಮೂರು ವಿಷಯ ಬರೆಯಲು ಶುರು ಮಾಡಿದೆ. ಈಗ ಅದೂ ಹೋಂವರ್ಕ್ ಆಗಿದೆ. ಏನೂ ಹೊಳೆಯದ ದಿನ ಸುಳ್ಳು ಬರೆಯುತ್ತೇನೆ. ಯಜಮಾನರು "ಮೊಬೈಲ್ ಜಾಸ್ತಿ ಆಯ್ತು" ಅಂತಾರೆ. ಅಕ್ಕ "ವಯಸ್ಸಾಗ್ತಾ ಎಲ್ಲರಿಗೂ ಹೀಗೇ" ಅಂತಾಳೆ. ಸುಮ್ನೆ ನಗುಮುಖ ಇಟ್ಟುಕೊಂಡರೆ ಖುಷಿ ತಾನಾಗೇ ಬರುತ್ತೆ ಅಂತ ಒಂದು ವಿಡಿಯೋದಲ್ಲಿ ನೋಡಿದೆ. ಇದರಲ್ಲಿ ಯಾವುದು ನಿಜ? ನನಗೆ ಖಿನ್ನತೆ ಬಂದಿದೆಯೇ?

ಉತ್ತರ: ಮೇಡಂ, ಆ ಹುಡುಗನ ಉತ್ತರ ಓದಿ ನಾನಂತೂ ನಕ್ಕೆ. ಅಂಕ ಕೊಡದೆ ಇದ್ದದ್ದು ಸರಿಯೇ, ಅದು ಬೇರೆ ಮಾತು.

ನೀವು ನಾಲ್ಕೈದು ಪ್ರಶ್ನೆ ಕೇಳಿದ್ದೀರಿ. ಆದರೆ ಒಳಗಿರುವ ಭಯ ಒಂದೇ ಅನ್ನಿಸುತ್ತದೆ. ನಗುವ ಸ್ವಭಾವವೇ ನನ್ನನ್ನು ಬಿಟ್ಟು ಹೋಯಿತೇ, ಇನ್ನು ಮುಂದೆ ನಾನು ಹೀಗೆಯೇ ಇರುತ್ತೇನೆಯೇ ಅನ್ನುವ ಭಯ. ಮನೋವೈದ್ಯನಾಗಿ ಇದನ್ನು ನಾನು ಆಗಾಗ ಕೇಳುತ್ತೇನೆ. ಆದರೆ ಯಾರೂ ಇದನ್ನು ಮೊದಲಿಗೆ ಹೇಳುವುದಿಲ್ಲ. ನಿದ್ದೆ ಇಲ್ಲ, ಸುಸ್ತು, ತಲೆನೋವು ಅಂತ ಶುರು ಮಾಡುತ್ತಾರೆ. ಚೀಟಿ ಕೈಗೆ ಬಂದು ಎದ್ದು ನಿಂತ ಮೇಲೆ "ಡಾಕ್ಟ್ರೇ, ಇನ್ನೊಂದು, ಈಗೀಗ ಯಾವುದಕ್ಕೂ ನಗು ಬರಲ್ಲ" ಅನ್ನುತ್ತಾರೆ. ಇಂಥ ಸಣ್ಣ ವಿಷಯವನ್ನು ಡಾಕ್ಟರ ಹತ್ತಿರ ಹೇಳುವುದೇ ಅನ್ನುವ ಸಂಕೋಚ. ನನಗೆ ಆ ಕೊನೆಯ ಮಾತೇ ಎಲ್ಲಕ್ಕಿಂತ ಮುಖ್ಯ. ಅವರನ್ನು ಮತ್ತೆ ಕೂರಿಸುತ್ತೇನೆ.

ನಿಮ್ಮ ಪತ್ರದಲ್ಲಿ ಒಂದು ವಿಷಯ ನನ್ನ ಕಣ್ಣಿಗೆ ಬಿತ್ತು. ಆ ಉತ್ತರ ತಮಾಷೆಯಾಗಿದೆ ಅಂತ ನಿಮಗೆ ಗೊತ್ತಾಗಿದೆ. ರಾತ್ರಿ ನೆನಪಿಗೂ ಬಂದಿದೆ. ಒಂದು ಅಕ್ಷರ ಬಿಡದೆ ನನಗೆ ಬರೆದಿದ್ದೀರಿ, ಅದೂ ಚೆನ್ನಾಗಿ ಬರೆದಿದ್ದೀರಿ. ಅಂದರೆ ತಮಾಷೆಯನ್ನು ಗುರುತಿಸುವ ಬುದ್ಧಿ ಎಲ್ಲೂ ಹೋಗಿಲ್ಲ. ಅದು ಆ ಕ್ಷಣದಲ್ಲಿ ಮೈಗೆ ತಟ್ಟುತ್ತಿಲ್ಲ, ಅಷ್ಟೇ. ಇವೆರಡೂ ಬೇರೆ ಬೇರೆ. ಎರಡನೆಯದು ಹಾಳಾಗಲು ಕಾರಣ ಎಷ್ಟೋ ಇವೆ. ಹೆಚ್ಚಿನವು ಸರಿಹೋಗುವಂಥವು.

ಖಿನ್ನತೆಯ ಪ್ರಶ್ನೆಯನ್ನೇ ಮೊದಲು ನೋಡೋಣ. ವೈದ್ಯರು ಶುರುವಿಗೆ ಎರಡು ವಿಷಯ ಕೇಳುತ್ತಾರೆ. ಕಳೆದ ಎರಡು ವಾರದಲ್ಲಿ ಹೆಚ್ಚಿನ ದಿನ ಮನಸ್ಸು ಕುಗ್ಗಿತ್ತೇ? ಮೊದಲು ಇಷ್ಟಪಟ್ಟು ಮಾಡುತ್ತಿದ್ದ ಕೆಲಸದಲ್ಲಿ ಆಸಕ್ತಿ, ಖುಷಿ ಹೋಗಿದೆಯೇ? ಎರಡರಲ್ಲಿ ಒಂದಕ್ಕೆ ಹೌದು ಅಂದರೂ ಮುಂದಿನ ಪ್ರಶ್ನೆಗಳು ಬರುತ್ತವೆ. ಹಸಿವು, ನಿದ್ದೆ, ತೂಕ, ಸುಸ್ತು, ಗಮನ, "ನಾನು ಯಾವುದಕ್ಕೂ ಬಾರದವಳು" ಅನ್ನುವ ಯೋಚನೆ, ಬದುಕೇ ಬೇಡ ಅನ್ನಿಸುವುದು. ಇವುಗಳಲ್ಲಿ ಹಲವು ಒಟ್ಟಿಗೆ ಎರಡು ವಾರಕ್ಕೂ ಮೀರಿ ಇದ್ದು, ದಿನದ ಕೆಲಸಕ್ಕೇ ಅಡ್ಡ ಬರುತ್ತಿದ್ದರೆ ಅದನ್ನು ಖಿನ್ನತೆ ಅನ್ನುತ್ತೇವೆ. ಅಳು ಇರಲೇಬೇಕು ಅಂತೇನಿಲ್ಲ. ನೀವು ಎರಡನೆಯ ಪ್ರಶ್ನೆಗೆ ಹೌದು ಅನ್ನುತ್ತಿದ್ದೀರಿ. ಮಿಕ್ಕದ್ದನ್ನು ಬರೆದಿಲ್ಲ. ಹಾಗಾಗಿ ಪತ್ರ ಓದಿ ಇದೆ ಅಥವಾ ಇಲ್ಲ ಅಂತ ಹೇಳಲು ನನಗೆ ಬರುವುದಿಲ್ಲ. ಹೇಳಲೂಬಾರದು.

ಆದರೆ ನೀವೇ ಒಂದು ಸಂಗತಿ ನೆನಪು ಮಾಡಿಕೊಳ್ಳಿ. ಕಳೆದ ವರ್ಷದಲ್ಲಿ ಯಾವುದಾದರೂ ಎರಡು ದಿನ ಅಕ್ಕನೋ, ನಾದಿನಿಯೋ ಬಂದು ಅತ್ತೆಯನ್ನು ನೋಡಿಕೊಂಡು, ನೀವು ರಾತ್ರಿಯಿಡೀ ಮಲಗಿದ್ದುಂಟೇ? ಮಾರನೇ ದಿನ ನಗು ಬಂದಿತ್ತೇ? ಬಂದಿದ್ದರೆ ದಣಿವಿನ ಪಾಲು ದೊಡ್ಡದು. ಚೆನ್ನಾಗಿ ನಿದ್ದೆ ಮಾಡಿ, ಹೊರೆ ಇಳಿದ ದಿನವೂ ಎಲ್ಲ ಸಪ್ಪೆ ಅನ್ನಿಸಿದ್ದರೆ ನಾನು ಖಿನ್ನತೆಯ ಕಡೆಗೆ ಹೆಚ್ಚು ಯೋಚಿಸುತ್ತೇನೆ. ಇದು ಪಕ್ಕಾ ಪರೀಕ್ಷೆಯಲ್ಲ. ಕೆಲವು ಬಗೆಯ ಖಿನ್ನತೆಯಲ್ಲೂ ಒಳ್ಳೆಯದು ನಡೆದಾಗ ಮನಸ್ಸು ಸ್ವಲ್ಪ ಹೊತ್ತು ಎದ್ದು ಮತ್ತೆ ಕೂರುತ್ತದೆ. ಆದರೂ ವೈದ್ಯರಿಗೆ ಹೇಳಲು ಇದು ತುಂಬಾ ಉಪಯೋಗದ ಮಾಹಿತಿ.

ನಿಮ್ಮ ಪತ್ರದಲ್ಲಿ "ರಾತ್ರಿ ಎರಡು ಮೂರು ಸಲ" ಅನ್ನುವುದು ಅರ್ಧ ಸಾಲಿನಲ್ಲಿ ಬಂದು ಹೋಗಿದೆ. ನನಗೆ ಇಡೀ ಪತ್ರದ ತಿರುಳು ಅಲ್ಲೇ ಇದೆ ಅನ್ನಿಸುತ್ತದೆ. 2015ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ಆರೋಗ್ಯವಂತ 62 ಜನರನ್ನು ಗುಂಪು ಮಾಡಿ ಮಲಗಿಸಿದರು. ಒಂದು ಗುಂಪನ್ನು ರಾತ್ರಿಯಲ್ಲಿ ಪದೇಪದೇ ಎಬ್ಬಿಸಿದರು. ಇನ್ನೊಂದು ಗುಂಪನ್ನು ತಡವಾಗಿ ಮಲಗಲು ಬಿಟ್ಟು, ಒಂದೇ ಸಮನೆ ನಿದ್ದೆ ಮಾಡಲು ಬಿಟ್ಟರು. ಮೂರನೆಯವರಿಗೆ ಯಾವ ತೊಂದರೆಯೂ ಇಲ್ಲ. ಎರಡನೇ ರಾತ್ರಿ ಕಳೆಯುವಷ್ಟರಲ್ಲಿ ಪದೇಪದೇ ಎದ್ದವರ ಉಲ್ಲಾಸ ಶೇ 31ರಷ್ಟು ಇಳಿದಿತ್ತು. ತಡವಾಗಿ ಮಲಗಿದವರದ್ದು ಶೇ 12ರಷ್ಟು ಮಾತ್ರ. ಇನ್ನೂ ಗಮನಿಸಬೇಕಾದ್ದು, ಬೇಸರ, ಸಿಟ್ಟಿನಂಥ ಕೆಟ್ಟ ಭಾವನೆಗಳಲ್ಲಿ ಈ ಎರಡು ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ಕಡಿದು ಕಡಿದು ಬರುವ ನಿದ್ದೆ ದುಃಖವನ್ನು ಹೆಚ್ಚಿಸುವುದಕ್ಕಿಂತ ಖುಷಿಯನ್ನು ಕಡಿಮೆ ಮಾಡುತ್ತದೆ.

ಅದು ಎರಡು ರಾತ್ರಿಯ ಕಥೆ. ನಿಮ್ಮದು ಒಂದೂವರೆ ವರ್ಷ. ಅಳು ಬರುತ್ತಿಲ್ಲ, ಕೆಲಸ ನಿಂತಿಲ್ಲ, ಪಾಠ ನಡೆಯುತ್ತಿದೆ, ಪೇಪರ್ ತಿದ್ದುತ್ತಿದ್ದೀರಿ, ನಗು ಮಾತ್ರ ಇಲ್ಲ. ಹಸುಗೂಸಿನ ತಾಯಂದಿರು, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರು, ನೈಟ್ ಶಿಫ್ಟಿನ ನರ್ಸ್‌ಗಳು, ಇವರೆಲ್ಲರ ಬಾಯಲ್ಲಿ ನಾನು ಕೇಳುವುದೂ ಇದೇ ಚಿತ್ರ. ಎಂಟು ಗಂಟೆ ಹಾಸಿಗೆಯಲ್ಲಿ ಇದ್ದೆ ಅಂತ ಲೆಕ್ಕ ಹೇಳುತ್ತಾರೆ. ನಡುವೆ ಎಷ್ಟು ಸಲ ಎದ್ದೆ ಅಂತ ಕೇಳಿದರೆ ಲೆಕ್ಕ ಬೇರೆಯಾಗುತ್ತದೆ.

ಇನ್ನು ಕಾಫಿಯ ಜೊತೆ ನುಂಗುವ ಮಾತ್ರೆ. ಇದನ್ನು ದಯವಿಟ್ಟು ನಾಳೆಯಿಂದಲೇ ಬದಲಿಸಿ. ಥೈರಾಯ್ಡ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ ತೆಗೆದುಕೊಳ್ಳಬೇಕು. ಆಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆ ಕಾಫಿ, ತಿಂಡಿ ಯಾವುದೂ ಬೇಡ. ಕಾಫಿ ಜೊತೆ ನುಂಗಿದರೆ ಔಷಧ ಪೂರ್ತಿ ಮೈಗೆ ಹತ್ತುವುದಿಲ್ಲ. ಕ್ಯಾಲ್ಸಿಯಂ, ಕಬ್ಬಿಣಾಂಶದ ಮಾತ್ರೆ ತಗೊಳ್ಳುತ್ತಿದ್ದರೆ ಅದಕ್ಕೂ ಇದಕ್ಕೂ ನಾಲ್ಕು ಗಂಟೆ ಅಂತರ ಇರಲಿ. ಬೆಳಿಗ್ಗೆ ಅಷ್ಟು ಪುರುಸೊತ್ತು ಎಲ್ಲಿದೆ ಅಂತೀರಾ? ಅತ್ತೆಗಾಗಿ ಹೇಗೂ ಬೆಳಗಿನ ಜಾವ ಏಳುತ್ತೀರಿ. ಮಾತ್ರೆ ಮತ್ತು ಒಂದು ಲೋಟ ನೀರನ್ನು ಅಲ್ಲೇ ಇಟ್ಟುಕೊಂಡು ಆಗಲೇ ನುಂಗಿಬಿಡಿ. ಒಂದು ಎಚ್ಚರಿಕೆ ಇದೆ. ನಾಲ್ಕು ವರ್ಷದಲ್ಲಿ ಡೋಸ್ ಏರಿಸಿದ್ದರೆ, ಅದು ಸರಿಯಾಗಿ ಹತ್ತದ ಔಷಧಕ್ಕೆ ಹೊಂದಿಸಿ ಏರಿಸಿದ್ದಾಗಿರಬಹುದು. ಈಗ ಪೂರ್ತಿ ಹತ್ತತೊಡಗಿದರೆ ಅದೇ ಡೋಸ್ ಜಾಸ್ತಿಯಾಗಬಹುದು. ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು, ಬೆವರುವುದು ಕಂಡರೆ ವೈದ್ಯರಿಗೆ ಹೇಳಿ. ಈಗ ಥೈರಾಯ್ಡ್ ಹೇಗಿದೆ ಅಂತ ತಿಳಿಸುವ ಒಂದು ಟಿಎಸ್‌ಎಚ್ ಪರೀಕ್ಷೆ, ಆರರಿಂದ ಎಂಟು ವಾರ ಬಿಟ್ಟು ಇನ್ನೊಂದು ಮಾಡಿಸಿ. ಥೈರಾಯ್ಡ್ ಕಡಿಮೆ ಇದ್ದರೆ ಮೈ ಮಾತ್ರವಲ್ಲ, ಮನಸ್ಸೂ ಜಡವಾಗುತ್ತದೆ. ಜೊತೆಗೆ ಹಿಮೋಗ್ಲೋಬಿನ್, ಬಿ12 ಕೂಡ ನೋಡಿಸಿ. ನಿಮ್ಮ ವಯಸ್ಸಿಗೆ ಮುಟ್ಟಿನ ಏರುಪೇರು ಶುರುವಾಗಿದ್ದರೆ ಅದನ್ನೂ ಹೇಳಿ. ಅದರಿಂದಲೂ ನಿದ್ದೆ, ಮನಸ್ಸು ಎರಡೂ ಕೆಡುತ್ತವೆ.

ಈಗ ಆ ವಿಡಿಯೋ ವಿಷಯ. ಸುಮ್ನೆ ನಗುಮುಖ ಇಟ್ಟುಕೊಂಡರೆ ಖುಷಿ ಬರುತ್ತದೆಯೇ? ಇದರ ಹಿಂದೆ ಒಂದು ಹಳೇ ಪ್ರಯೋಗ ಇದೆ. 1988ರಲ್ಲಿ ಜರ್ಮನಿಯ ಫ್ರಿಟ್ಜ್ ಸ್ಟ್ರಾಕ್ ಮತ್ತು ಸಂಗಡಿಗರು ಜನರಿಗೆ ಪೆನ್ನನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯಲು ಹೇಳಿ ವ್ಯಂಗ್ಯಚಿತ್ರ ತೋರಿಸಿದರು. ಹಾಗೆ ಹಿಡಿದಾಗ ಮುಖ ತಾನಾಗಿ ನಗುವಿನ ಆಕಾರಕ್ಕೆ ಬರುತ್ತದೆ. ಅವರಿಗೆ ಚಿತ್ರಗಳು ಹೆಚ್ಚು ತಮಾಷೆಯಾಗಿ ಕಂಡವು ಅಂತ ವರದಿಯಾಯಿತು. ಅದು ದೊಡ್ಡ ಸುದ್ದಿಯಾಯಿತು. 2016ರಲ್ಲಿ 17 ಪ್ರಯೋಗಾಲಯಗಳು ಅದನ್ನೇ ಮತ್ತೆ ಮಾಡಿ ನೋಡಿದಾಗ ಆ ಪರಿಣಾಮ ಕಾಣಲಿಲ್ಲ. 2022ರಲ್ಲಿ 19 ದೇಶಗಳ 3,878 ಜನರ ಮೇಲೆ ಇನ್ನೊಮ್ಮೆ ಪರೀಕ್ಷೆ ಆಯಿತು. ನಗುವವರ ಫೋಟೋ ನೋಡಿ ಹಾಗೆಯೇ ಮುಖ ಮಾಡಿದಾಗ, ಅಥವಾ ಬಾಯಿಯ ಅಂಚನ್ನು ಬೇಕೆಂದೇ ಎತ್ತಿದಾಗ ಖುಷಿ ಸ್ವಲ್ಪ ಏರಿತು. ಪೆನ್ನಿನ ಪ್ರಯೋಗದ ಫಲ ಮಾತ್ರ ಸ್ಪಷ್ಟವಾಗಲಿಲ್ಲ. ಹಾಗಾಗಿ ವಿಡಿಯೋದವರು ಪೂರ್ತಿ ಸುಳ್ಳು ಹೇಳಿಲ್ಲ. ಆದರೆ ಆ ಏರಿಕೆ ಸಣ್ಣದು, ಸ್ವಲ್ಪ ಹೊತ್ತಿನದು. ಒಂದೂವರೆ ವರ್ಷದ ನಿದ್ದೆಯ ಬಾಕಿ ಅದರಿಂದ ತೀರುವುದಿಲ್ಲ.

ಇದರಲ್ಲಿ ಅಪಾಯವೂ ಇದೆ. ಶಿಕ್ಷಕಿಯಾಗಿ ನೀವು ದಿನವಿಡೀ ಮುಖ ಸರಿಯಾಗಿ ಇಟ್ಟುಕೊಂಡೇ ಇರುತ್ತೀರಿ. ಮಕ್ಕಳ ಮುಂದೆ, ಪೋಷಕರ ಮುಂದೆ, ತಪಾಸಣೆಗೆ ಬಂದವರ ಮುಂದೆ. ಒಳಗೊಂದು, ಮುಖದಲ್ಲೊಂದು ಇಟ್ಟುಕೊಂಡು ದುಡಿಯುವವರು ಬೇಗ ದಣಿಯುತ್ತಾರೆ ಅನ್ನುವುದು ಕೆಲಸದ ಬಗ್ಗೆ ನಡೆದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಮನೆಗೆ ಬಂದ ಮೇಲೂ ಅದನ್ನೇ ಮುಂದುವರಿಸಿ ಅಂತ ನಾನು ಹೇಳಲಾರೆ.

ನಿಮ್ಮ ಮನೆಯಲ್ಲೇ ಇದಕ್ಕೆ ಸಂಬಂಧಿಸಿದ ಒಂದು ಸಂಗತಿ ಕಂಡಿರಲೂಬಹುದು. ಲಕ್ವ ಆದವರಿಗೆ ವೈದ್ಯರು "ಹಲ್ಲು ತೋರಿಸಿ ನೋಡೋಣ" ಅಂದಾಗ ಬಾಯಿ ಒಂದು ಕಡೆ ಎಳೆಯುತ್ತದೆ, ಇನ್ನೊಂದು ಕಡೆ ಏಳುವುದಿಲ್ಲ. ಆದರೆ ಅವರಲ್ಲೇ ಕೆಲವರು, ಮೊಮ್ಮಗು ಏನಾದರೂ ಚೇಷ್ಟೆ ಮಾಡಿದಾಗ ನಕ್ಕರೆ, ಎರಡೂ ಕಡೆ ಸಮನಾಗಿ ಏಳುತ್ತದೆ. ಮನೆಯವರು "ನಾಟಕ ಮಾಡ್ತಾರೆ" ಅಂದುಕೊಳ್ಳುತ್ತಾರೆ. ನಾಟಕವಲ್ಲ. ಹೇಳಿಸಿಕೊಂಡು ನಗುವುದಕ್ಕೆ ಮಿದುಳಿನಲ್ಲಿ ಒಂದು ದಾರಿ, ತಾನಾಗಿ ಬರುವ ನಗುವಿಗೆ ಇನ್ನೊಂದು ದಾರಿ. ಮೇಲ್ಪದರದಿಂದ ಇಳಿಯುವ ಮೊದಲನೆಯ ದಾರಿಗೆ ಪೆಟ್ಟು ಬಿದ್ದರೂ ಒಳಗಿನ ಎರಡನೆಯದು ಉಳಿದಿರಬಹುದು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಇದರ ಉಲ್ಟಾ ಆಗುವುದುಂಟು. ಹೇಳಿದರೆ ನಗುತ್ತಾರೆ, ತಾನಾಗಿ ಮುಖ ಅರಳುವುದಿಲ್ಲ. ಮನಸ್ಸಿನಲ್ಲಿ ಖುಷಿ ಇದ್ದರೂ ಮುಖ ಹೇಳುವುದಿಲ್ಲ. ಮನೆಯ ಹಿರಿಯರು ಇದ್ದಕ್ಕಿದ್ದಂತೆ ನಗುವುದು ನಿಲ್ಲಿಸಿ, ನಡಿಗೆಯೂ ನಿಧಾನವಾದರೆ "ಮುನಿಸಿಕೊಂಡಿದ್ದಾರೆ" ಅಂತ ಬಿಡದೆ ನರರೋಗ ವೈದ್ಯರಿಗೆ ತೋರಿಸಬೇಕು. ನಿಮ್ಮದು ಆ ಚಿತ್ರವಲ್ಲ, ಹೆದರಬೇಡಿ. ನಿಮ್ಮ ಅತ್ತೆಯ ವಿಷಯದಲ್ಲಿ ಇನ್ನೊಂದು ಮಾತು. ಲಕ್ವ ಆದವರಲ್ಲಿ ಖಿನ್ನತೆ ತುಂಬಾ ಸಾಮಾನ್ಯ. ಅವರು ಮಂಕಾಗಿದ್ದರೆ ಅದಕ್ಕೂ ಚಿಕಿತ್ಸೆ ಇದೆ. ಅವರ ರಾತ್ರಿ ಸರಿಹೋದರೆ ನಿಮ್ಮ ರಾತ್ರಿಯೂ ಸರಿಹೋಗುತ್ತದೆ.

ಆ ಮೂರು ವಿಷಯ ಬರೆಯುವ ಅಭ್ಯಾಸವನ್ನು ಇವತ್ತೇ ನಿಲ್ಲಿಸಿ. ಅದು ಕೆಟ್ಟ ಅಭ್ಯಾಸ ಅಂತಲ್ಲ. 2005ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್ಮನ್ ತಂಡ ಅದನ್ನು ಪರೀಕ್ಷಿಸಿದಾಗ ಜನರಿಗೆ ಹೇಳಿದ್ದು ಒಂದು ವಾರ ಬರೆಯಿರಿ ಅಂತ. ಜೀವನಪೂರ್ತಿ ಅಂತಲ್ಲ. ಸೋನ್ಯಾ ಲ್ಯುಬೊಮಿರ್ಸ್ಕಿ ಅವರ ಪ್ರಯೋಗದಲ್ಲಿ ತಮಗೆ ಸಿಕ್ಕ ಒಳ್ಳೆಯದನ್ನು ವಾರಕ್ಕೊಮ್ಮೆ ನೆನೆದವರಿಗೆ ಉಪಯೋಗ ಆಯಿತು, ವಾರಕ್ಕೆ ಮೂರು ಸಲ ಮಾಡಿದವರಿಗೆ ಆಗಲಿಲ್ಲ. 2011ರಲ್ಲಿ ಐರಿಸ್ ಮಾಸ್ ಮತ್ತು ಸಂಗಡಿಗರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ತೋರಿಸಿದ್ದು ಇದು: ಖುಷಿಯಾಗಿರಲೇಬೇಕು ಅಂತ ತುಂಬಾ ಹಟ ಹಿಡಿದವರಿಗೆ, ಖುಷಿಪಡಬೇಕಾದ ಹೊತ್ತಿನಲ್ಲೇ ಖುಷಿ ಕಡಿಮೆಯಾಗುತ್ತದೆ. ಇಷ್ಟೇನಾ, ಸಾಲದಲ್ಲ ಅಂತ ಅಳೆಯುತ್ತಾ ಕೂರುತ್ತಾರೆ. ನೀವು ಸುಳ್ಳು ಬರೆಯುತ್ತಿದ್ದೀರಿ ಅಂದರೆ ನಿಮಗೆ ನೀವೇ ಅಂಕ ಹಾಕಿಕೊಳ್ಳುತ್ತಿದ್ದೀರಿ ಅಂತ ಅರ್ಥ. ಆ ಹತ್ತು ನಿಮಿಷ ಮಲಗಿ. ಬೇಕೇ ಬೇಕು ಅನ್ನಿಸಿದರೆ ಭಾನುವಾರ ಒಂದು ಸಲ ಬರೆಯಿರಿ. ಏನೂ ಇಲ್ಲದ ವಾರ ಖಾಲಿ ಬಿಡಿ.

ಸಣ್ಣ ಸಂಗತಿಗಳು ನಗಿಸುವುದೇ ಅವು ಕೇಳದೆ ಬರುವುದರಿಂದ. ವುಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಮಂಗಗಳಿಗೆ ಹಣ್ಣಿನ ರಸ ಕೊಟ್ಟು ಮಾಡಿದ ಪ್ರಯೋಗಗಳಿಂದ ಗೊತ್ತಾದದ್ದು ಇದು. ನಿರೀಕ್ಷೆಯಿಲ್ಲದೆ ರಸ ಸಿಕ್ಕಾಗ ಮಿದುಳಿನಲ್ಲಿ ಡೋಪಮೀನ್ ಎಂಬ ರಾಸಾಯನಿಕ ಬಿಡುವ ಕೋಶಗಳು ಜೋರಾಗಿ ಮಿಡಿಯುತ್ತವೆ. ರಸ ಬರುತ್ತದೆ ಅಂತ ಮೊದಲೇ ಗೊತ್ತಿದ್ದರೆ, ಸಿಕ್ಕ ಹೊತ್ತಿನಲ್ಲಿ ಹೆಚ್ಚೇನೂ ಮಿಡಿಯುವುದಿಲ್ಲ. ನಮ್ಮ ಕಡೆಯ ಮಳೆಯನ್ನೇ ನೋಡಿ. ಏಪ್ರಿಲ್‌ನಲ್ಲಿ ಬೀಳುವ ಮೊದಲ ಮಳೆಗೆ ಮಣ್ಣಿನ ವಾಸನೆ ಎದ್ದರೆ ಎಲ್ಲರೂ ಬಾಗಿಲಿಗೆ ಬರುತ್ತಾರೆ. ಮಣ್ಣಿನ ಸೂಕ್ಷ್ಮಜೀವಿಗಳು ಮಾಡುವ ಜಿಯೋಸ್ಮಿನ್ ಎಂಬ ವಸ್ತುವಿನ ವಾಸನೆ ಅದು. ನಮ್ಮ ಮೂಗು ಅದನ್ನು ಎಷ್ಟು ಕಡಿಮೆ ಇದ್ದರೂ ಹಿಡಿಯುತ್ತದೆ. ಜುಲೈನಲ್ಲಿ ಮಳೆ ಬಂದರೆ ಒಣಗಲು ಹಾಕಿದ ಬಟ್ಟೆಯ ಕಡೆ ಓಡುತ್ತೇವೆ. ಯಾರಿಗೂ ಆಗ "ನನಗೆ ಮಳೆಯ ಖುಷಿ ಹೋಯಿತು" ಅನ್ನುವ ಭಯ ಆಗುವುದಿಲ್ಲ. ಹಾಗಾಗಿ, ಇಪ್ಪತ್ತು ವರ್ಷ ಉತ್ತರ ಪತ್ರಿಕೆ ತಿದ್ದಿದವರಿಗೆ ಎಲ್ಲ ಎಡವಟ್ಟೂ ಹೊಸದಾಗಿ ಕಾಣದೆ ಇರುವುದು ಸಹಜ. ಆದರೆ ಗಿಡಕ್ಕೆ ರಜೆ ಅನ್ನುವುದು ಹೊಸದೇ ಆಗಿತ್ತು. ಅದು ತಟ್ಟದೆ ಹೋದದ್ದಕ್ಕೆ ರೂಢಿ ಕಾರಣವಲ್ಲ. ಆ ಹೊತ್ತಿನಲ್ಲಿ ನಿಮ್ಮ ಗಮನ ಎಲ್ಲಿತ್ತು ಅನ್ನುವುದು ಕಾರಣ. ಇನ್ನೂ ಎಷ್ಟು ಪೇಪರ್ ಇದೆ, ಎಷ್ಟು ಗಂಟೆಯ ಬಸ್ಸು, ಅತ್ತೆಯ ಮಾತ್ರೆ ಮುಗಿಯಿತೇ.

ಹಾರ್ವರ್ಡ್‌ನ ಇಬ್ಬರು ಸಂಶೋಧಕರು 2010ರಲ್ಲಿ 2,250 ಜನರನ್ನು ಅವರ ಫೋನಿನಲ್ಲೇ ಹೊತ್ತಲ್ಲದ ಹೊತ್ತಿನಲ್ಲಿ ಕೇಳಿದರು, ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಎಲ್ಲಿದೆ, ಹೇಗಿದ್ದೀರಿ ಅಂತ. ಶೇ 47ರಷ್ಟು ಸಲ ಮನಸ್ಸು ಮಾಡುತ್ತಿದ್ದ ಕೆಲಸದಲ್ಲಿ ಇರಲಿಲ್ಲ. ಹಾಗೆ ಬೇರೆಡೆ ಇದ್ದಾಗ ಜನ ಕಡಿಮೆ ಖುಷಿಯಾಗಿದ್ದರು. ನಿಮ್ಮ ಬಸ್ಸಿನ ಅರ್ಧ ಗಂಟೆ ಮೊದಲು ಖಾಲಿ ಹೊತ್ತಾಗಿತ್ತು. ಕಿಟಕಿ, ಕಂಡಕ್ಟರ್, ಲಾರಿ, ಎಲ್ಲ ಕಣ್ಣಿಗೆ ಬೀಳುತ್ತಿದ್ದವು. ಈಗ ಅದು ನಾಳೆಯ ಪಟ್ಟಿ ಮಾಡುವ, ಶಾಲೆಯ ವಾಟ್ಸಾಪ್ ಗುಂಪಿಗೆ ಉತ್ತರ ಕೊಡುವ ಹೊತ್ತಾಗಿದೆ ಅಂತ ನನ್ನ ಊಹೆ. ಲಾರಿಗಳು ಈಗಲೂ ಅದೇ ರಸ್ತೆಯಲ್ಲಿ ಹೋಗುತ್ತಿವೆ.

ಅಂದಮೇಲೆ ಯಜಮಾನರ ಮಾತು ಅರ್ಧ ಸರಿ. ಪರಿಚಯವಿಲ್ಲದ ಇಬ್ಬರನ್ನು ಒಂದು ಕೋಣೆಯಲ್ಲಿ ಕಾಯಲು ಬಿಟ್ಟು ನೋಡಿದ ಒಂದು ಪ್ರಯೋಗ 2019ರಲ್ಲಿ ಪ್ರಕಟವಾಯಿತು. ಕೈಯಲ್ಲಿ ಫೋನ್ ಇದ್ದವರು ಇಲ್ಲದವರಿಗಿಂತ ಕಡಿಮೆ ನಕ್ಕರು. ಫೋನ್ ದುಃಖ ತಂತು ಅಂತಲ್ಲ, ಎದುರಿಗಿದ್ದವರನ್ನು ನೋಡಲು ಬಿಡಲಿಲ್ಲ. ಹಾಗಾಗಿ ಹೋಗುವಾಗಲೋ ಬರುವಾಗಲೋ ಒಂದು ಕಡೆಯ ಪ್ರಯಾಣಕ್ಕೆ ಫೋನನ್ನು ಬ್ಯಾಗಿನಲ್ಲಿ ಹಾಕಿ. ಶಕ್ತಿ ಯೋಜನೆ ಬಂದಮೇಲೆ ಸೀಟು ಸಿಗುವುದೇ ಕಷ್ಟ, ಕಿಟಕಿ ಎಲ್ಲಿ ಅಂತ ಕೇಳಬಹುದು. ಬಸ್ಸಿನ ಒಳಗೇ ನೋಡಿ. ಪಕ್ಕದವರ ಜೊತೆ ನಾಲ್ಕು ಮಾತಾಡಿ. ಷಿಕಾಗೋದ ರೈಲಿನಲ್ಲಿ ಓಡಾಡುವವರ ಮೇಲೆ ನಡೆದ 2014ರ ಅಧ್ಯಯನದಲ್ಲಿ, ಅಪರಿಚಿತರ ಜೊತೆ ಮಾತಾಡಿದರೆ ಕಿರಿಕಿರಿ ಆಗುತ್ತದೆ ಅಂದುಕೊಂಡವರಿಗೆ ಮಾತಾಡಿದಾಗ ಪ್ರಯಾಣ ಹೆಚ್ಚು ಹಿತವಾಯಿತು. ನಮ್ಮ ಬಸ್ಸುಗಳಲ್ಲಿ ಇದನ್ನು ಸಂಶೋಧನೆ ಮಾಡಿ ಹೇಳಬೇಕಾಗಿಲ್ಲ ಅನ್ನಿ. ಇದರಲ್ಲಿ ಒಂದು ತೊಂದರೆ ಬರಬಹುದು. ಫೋನ್ ಇಟ್ಟ ತಕ್ಷಣ ಚಿಂತೆಗಳು ನುಗ್ಗಬಹುದು. ಮೊದಲ ಕೆಲವು ದಿನ ಹಾಗಾದರೆ ಚಿಂತಿಲ್ಲ. ದಿನ ಕಳೆದಂತೆ ಚಿಂತೆ ಇನ್ನೂ ಜಾಸ್ತಿಯಾದರೆ ಅದನ್ನೂ ವೈದ್ಯರಿಗೆ ಹೇಳಿ.

ಆದರೆ ಯಜಮಾನರಿಗೂ ನನ್ನದೊಂದು ಮಾತಿದೆ. ನೀವು ಮೊಬೈಲ್ ಬಿಡುವುದಕ್ಕಿಂತ, ಅವರು ರಾತ್ರಿ ಒಂದು ಸಲ ಎದ್ದರೆ ನಿಮ್ಮ ನಗು ಬೇಗ ವಾಪಸ್ ಬರುತ್ತದೆ. ವಾರದಲ್ಲಿ ಮೂರು ರಾತ್ರಿ ಅವರದು, ನಾಲ್ಕು ನಿಮ್ಮದು, ಹೀಗೆ ಪಾಳಿ ಮಾಡಿಕೊಳ್ಳಿ. ಅವರ ಪಾಳಿಯ ದಿನ ನೀವು ಬೇರೆ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು ಮಲಗಿ. ಪ್ರತಿ ರಾತ್ರಿ ಇಬ್ಬರೂ ಅರ್ಧ ಅರ್ಧ ಎದ್ದರೆ ಇಬ್ಬರ ನಿದ್ದೆಯೂ ಕೆಡುತ್ತದೆ, ಅದರಿಂದ ಲಾಭವಿಲ್ಲ. ಇದರಿಂದ ಮನೆಯಲ್ಲಿ ಮಾತು ಬರಬಹುದು. ಅತ್ತೆಗೆ ಮಗ ಬಂದು ಶೌಚಕ್ಕೆ ಸಹಾಯ ಮಾಡುವುದು ಮುಜುಗರ ಅನ್ನಿಸಬಹುದು. ಆಗ ಅಷ್ಟು ರಾತ್ರಿಗೆ ಒಬ್ಬ ಸಹಾಯಕಿ ಸಿಗುತ್ತಾರೋ ನೋಡಿ. ಖರ್ಚು ಇದೆ, ನಂಬಿಕಸ್ಥರು ಸಿಗುವುದೂ ಸುಲಭವಲ್ಲ. ಸಂಜೆ ಮೇಲೆ ಅತ್ತೆಗೆ ನೀರು ಕೊಡುವ ಹೊತ್ತು, ಮೂತ್ರ ಹೆಚ್ಚಿಸುವ ಮಾತ್ರೆ ಇದ್ದರೆ ಅದರ ಹೊತ್ತು, ಇವನ್ನು ಅವರ ವೈದ್ಯರನ್ನು ಕೇಳಿ ಬದಲಿಸಲು ಆಗುತ್ತದೆಯೇ ವಿಚಾರಿಸಿ. ಕೆಲವೊಮ್ಮೆ ಅಷ್ಟರಿಂದಲೇ ಒಂದು ಸಲದ ಏಳುವಿಕೆ ತಪ್ಪುತ್ತದೆ.

ಸ್ಟಾಫ್ ರೂಮಿನಲ್ಲಿ ಹೇಳುವುದನ್ನು ಯಾಕೆ ಬಿಟ್ಟಿರಿ? ನಗು ಬರಲಿಲ್ಲ, ಅದಕ್ಕೆ ಹೇಳಲಿಲ್ಲ ಅನ್ನುತ್ತೀರಿ. ಹೇಳಲಿಲ್ಲ, ಅದಕ್ಕೆ ನಗು ಬರಲಿಲ್ಲ ಅನ್ನುವುದೂ ಅಷ್ಟೇ ನಿಜ. ನಗುವಿನ ಬಗ್ಗೆ ಹಲವು ವರ್ಷ ಅಧ್ಯಯನ ಮಾಡಿದ ರಾಬರ್ಟ್ ಪ್ರೊವೈನ್, ಜನ ಒಬ್ಬರೇ ಇರುವಾಗ ನಗುವುದಕ್ಕಿಂತ ಬೇರೆಯವರ ಜೊತೆ ಸುಮಾರು 30 ಪಟ್ಟು ಹೆಚ್ಚು ನಗುತ್ತಾರೆ ಎಂದು ಕಂಡುಕೊಂಡರು. ಒಬ್ಬರೇ ಕೂತು ತಿದ್ದುವಾಗ ಬರದ ನಗು ಹೇಳುವಾಗ ಬರುತ್ತದೆ. ಖಿನ್ನತೆಗೆ ಕೊಡುವ ಒಂದು ಚಿಕಿತ್ಸೆಯೂ ಇದೇ ಲೆಕ್ಕದ ಮೇಲೆ ನಿಂತಿದೆ. ಮನಸ್ಸು ಬಂದಮೇಲೆ ಮಾಡೋಣ ಅಂತ ಕಾಯದೆ, ಮೊದಲು ಇಷ್ಟವಿದ್ದ ಸಣ್ಣ ಕೆಲಸವನ್ನು ಮೊದಲು ಮಾಡುವುದು, ಮನಸ್ಸು ಆಮೇಲೆ ಹಿಂದಿನಿಂದ ಬರುತ್ತದೆ. ಅದನ್ನೂ ದೊಡ್ಡ ಟೈಮ್‌ಟೇಬಲ್ ಮಾಡಬೇಡಿ. ವಾರಕ್ಕೆ ಒಂದು ಎಡವಟ್ಟು ಉತ್ತರ ಸಾಕು, ಹುಡುಗನ ಹೆಸರು ಹೇಳದೆ.

ನಗೆಕೂಟಗಳ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳುತ್ತಾರೆ. 1995ರಲ್ಲಿ ಮುಂಬೈನ ವೈದ್ಯ ಮದನ್ ಕಟಾರಿಯಾ ಶುರು ಮಾಡಿದ್ದು, ಈಗ ಎಲ್ಲ ಊರಿನ ಪಾರ್ಕುಗಳಲ್ಲೂ ಇದೆ. ನಿವೃತ್ತರಿಗೆ ಒಳ್ಳೆಯದು, ಜೊತೆ ಸಿಗುತ್ತದೆ. ಬೆಳಿಗ್ಗೆ ಐದೂವರೆಗೆ ಎದ್ದು ಹೋಗಬೇಕಾದರೆ ನಿಮಗೆ ಬೇಡ. ಆ ಹೊತ್ತು ಮಲಗಿ.

ಅಕ್ಕ ಹೇಳಿದ ವಯಸ್ಸಿನ ಮಾತು ಸರಿಯಲ್ಲ. ಲಾರಾ ಕಾರ್ಸ್ಟೆನ್ಸನ್ ಮುಂತಾದವರ ಅಧ್ಯಯನಗಳಲ್ಲಿ, ಆರೋಗ್ಯ ಚೆನ್ನಾಗಿದ್ದರೆ, ವಯಸ್ಸಾದಂತೆ ಮನಸ್ಸಿನ ನೆಮ್ಮದಿ ಇಳಿಯುವುದಕ್ಕಿಂತ ಏರುವುದೇ ಹೆಚ್ಚು. ನಲವತ್ತರ ಆಸುಪಾಸಿನಲ್ಲಿ ಒತ್ತಡ ಜಾಸ್ತಿ, ಅದು ನಿಜ. ಮೇಲೆ ಹಿರಿಯರು, ಕೆಳಗೆ ಮಕ್ಕಳು, ನಡುವೆ ನೌಕರಿ. ಅದು ವಯಸ್ಸಿನ ಗುಣವಲ್ಲ, ಹೊರೆಯ ಗುಣ.

ಔಷಧದ ವಿಷಯ. ಪರೀಕ್ಷೆ ಮಾಡಿ ಖಿನ್ನತೆ ಅಂತ ಗೊತ್ತಾದರೆ ಮಾತಿನ ಚಿಕಿತ್ಸೆ, ಮಾತ್ರೆ ಎರಡೂ ಇವೆ. ಖಿನ್ನತೆಯ ಮಾತ್ರೆಗಳು ಚಟ ಹತ್ತಿಸುವಂಥವಲ್ಲ. ಗುಣ ಕಾಣಲು ಕೆಲವು ವಾರ ಬೇಕು. ತಟ್ಟನೆ ನಿಲ್ಲಿಸಬಾರದು. ಕೆಲವರಿಗೆ ಅವುಗಳಿಂದ ದುಃಖ ಕಡಿಮೆಯಾದರೂ ಖುಷಿಯೂ ಮೊಂಡಾಗುತ್ತದೆ. ಹಾಗಾದರೆ ಸುಮ್ಮನಿರಬೇಡಿ, ಡೋಸ್ ಅಥವಾ ಮಾತ್ರೆ ಬದಲಿಸಬಹುದು. ಬೇಡವೇ ಬೇಡ ಅಂತ ನಾನು ಹೇಳುವುದು ಮೆಡಿಕಲ್ ಶಾಪಿನಿಂದ ನೀವೇ ತರುವ ನಿದ್ದೆ ಮಾತ್ರೆಗೆ. ಅದು ರೂಢಿಯಾಗುತ್ತದೆ. ರಾತ್ರಿ ಅತ್ತೆಗಾಗಿ ಏಳುವಾಗ ತಲೆ ಸುತ್ತಿ ನೀವೇ ಬಿದ್ದರೆ ಎರಡು ಹಾಸಿಗೆ ಆಗುತ್ತದೆ.

ಮುಂದಿನ ಒಂದು ತಿಂಗಳು ಮಾತ್ರೆಯ ಹೊತ್ತು, ರಕ್ತ ಪರೀಕ್ಷೆ, ರಾತ್ರಿ ಪಾಳಿ, ಇವು ಮೂರನ್ನು ಸರಿಮಾಡಿ. ಆಮೇಲೂ ಏನೂ ಬದಲಾಗದಿದ್ದರೆ ಮನೋವೈದ್ಯರನ್ನು ನೋಡಿ. ಜಿಲ್ಲಾ ಆಸ್ಪತ್ರೆಯಲ್ಲೂ ಮನೋವೈದ್ಯಕೀಯ ವಿಭಾಗ ಇರುತ್ತದೆ. ಹೋಗಲು ಆಗದಿದ್ದರೆ ಟೆಲಿ ಮಾನಸ್‌ಗೆ 14416 ಸಂಖ್ಯೆಗೆ ಕರೆ ಮಾಡಿ. 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಸರ್ಕಾರದ ಉಚಿತ ಸೇವೆ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು. ಬದುಕುವುದೇ ಬೇಡ ಅನ್ನುವ ಯೋಚನೆ ಒಂದೇ ಒಂದು ಸಲ ಬಂದರೂ ತಿಂಗಳು ಕಾಯಬೇಡಿ, ಅವತ್ತೇ ಮಾತಾಡಿ.

ವೈದ್ಯರ ಹತ್ತಿರ ಹೋಗುವಾಗ ಟಿಎಸ್‌ಎಚ್ ರಿಪೋರ್ಟ್, ಹಳೇ ಚೀಟಿಗಳು, ಒಂದು ವಾರ ರಾತ್ರಿ ಎಷ್ಟೆಷ್ಟು ಹೊತ್ತಿಗೆ ಎದ್ದಿರಿ ಅನ್ನುವ ಪಟ್ಟಿ ಇಟ್ಟುಕೊಳ್ಳಿ. ಯಜಮಾನರನ್ನೂ ಕರೆದುಕೊಂಡು ಹೋಗಿ. ಪಾಳಿಯ ಮಾತು ನಿಮ್ಮ ಬಾಯಿಂದ ಬರುವುದಕ್ಕಿಂತ ಡಾಕ್ಟರ ಬಾಯಿಂದ ಬಂದರೆ ಬೇಗ ಒಪ್ಪುತ್ತಾರೆ.